ಚಪ್ಪಲಿ ಅಂಗಡಿಯಲ್ಲಿ ಬಿಟ್ಟುಬಂದ ಮಗು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಮಂದಿ ಹೇಳುತ್ತಾರೆ. ಹೇಳಿಕೊಳ್ಳಲಿ. ಆದರೆ ಆ ಶನಿವಾರ ಬಂದ ಸಿಟ್ಟಿಗೆ ನ್ಯಾಯವಾದ ಕಾರಣವಿತ್ತು. ಹಾಡಹಗಲೇ, ಇಡೀ ತರಗತಿಯ ಎದುರು, ನನ್ನ ಅಕ್ಕ ನನ್ನ ಬಾಲ್ಯವನ್ನು ಕದ್ದಳು.

ನಡೆದದ್ದು ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ. ಅಲ್ಲಿ ವಾರಕ್ಕೊಮ್ಮೆ ನಮ್ಮ ನಮ್ಮ ನೆನಪುಗಳನ್ನು ಬರೆಯುವುದು ಹೇಗೆಂದು ಕಲಿಸುತ್ತಾರೆ. ಕಲಿಸುವ ಮೇಡಂ ಪತ್ರಿಕೆಯೊಂದರಲ್ಲಿ ಬೇರೆಯವರ ವಾಕ್ಯಗಳನ್ನು ಕತ್ತರಿಸಿ ಕತ್ತರಿಸಿಯೇ ನಿವೃತ್ತರಾದವರು. ಬೆನ್ನ ಹಿಂದೆ ನಾವು ಅವರನ್ನು ‘ಕತ್ತರಿ’ ಎನ್ನುತ್ತೇವೆ. ಅವರ ನಿಯಮ ಒಂದೇ: “ನಿಮಗೆ ನಡೆದದ್ದು ಬರೀರಿ. ಪಕ್ಕದ ಮನೆಯವರಿಗೆ ನಡೆದದ್ದನ್ನ ಅವರು ಬರ್ಕೋತಾರೆ.” ವರ್ಷದ ಕೊನೆಗೆ ಒಬ್ಬೊಬ್ಬರದು ಒಂದೊಂದು ಬರಹ ಆರಿಸಿ ಪುಟ್ಟ ಪುಸ್ತಕ ಮಾಡುವುದೆಂದು ಮಾತಾಗಿತ್ತು. ಆ ಪುಸ್ತಕದಲ್ಲಿ ನಾನಿರಬೇಕೆಂದು ನನಗೆ ಬಹಳ ಆಸೆಯಿತ್ತು.

ನಾನು ಹಳೆ ಬಟ್ಟೆ ಸರಿಪಡಿಸುವ ದರ್ಜಿ. ದೊಡ್ಡದನ್ನು ಚಿಕ್ಕದು ಮಾಡುತ್ತೇನೆ, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುತ್ತೇನೆ. ಒಳಹೊಲಿಗೆ ನೋಡಿದರೆ ಸಾಕು, ಬಟ್ಟೆ ಮೊದಲು ಯಾರ ಅಳತೆಗಿತ್ತೆಂದು ಹೇಳಬಲ್ಲೆ ಎಂಬ ಜಂಬ ಬೇರೆ. ಅಕ್ಕ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುತ್ತಾಳೆ. ತರಗತಿಗೆ ನಾನು ಸೇರಿದ ಎರಡು ವಾರದ ಮೇಲೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಜೀವಮಾನದಲ್ಲಿ ಅವಳು ನನಗಿಂತ ಹಿಂದೆ ಬಂದದ್ದು ಅದೊಂದೇ ಸಲ.

ಆ ಶನಿವಾರದ ವಿಷಯ ‘ಮೊದಲ ಭಯ’. ಅಲ್ಲೇ ಬರೆದು ಅಲ್ಲೇ ಓದಬೇಕು. ನಾನು ಓದಿದೆ. ಚಿಕ್ಕಂದಿನಲ್ಲಿ ಸೋದರತ್ತೆ ನನ್ನನ್ನು ಚಪ್ಪಲಿ ಅಂಗಡಿಗೆ ಕರೆದುಕೊಂಡು ಹೋದದ್ದು, ಮನೆಮಂದಿಗೆಲ್ಲ ಕೊಂಡ ಡಬ್ಬಗಳನ್ನು ಜೋಪಾನವಾಗಿ ಎಣಿಸಿ ಚೀಲಕ್ಕೆ ತುಂಬಿ, ನನ್ನನ್ನು ಬೆಂಚಿನ ಮೇಲೇ ಮರೆತು ಹೊರಟುಹೋದದ್ದು. ಅಳಬೇಡವೆಂದು ಅಂಗಡಿಯವನು ನನ್ನ ಕಾಲಿಗೆ ಕೆಂಪು ಬೂಟು ತೊಡಿಸಿದ್ದು. ಕಾಲು ನೋಡಿಕೊಳ್ಳಲೆಂದು ಇಟ್ಟ ಗಿಡ್ಡ ಕನ್ನಡಿಯಲ್ಲಿ ನನ್ನ ಮಂಡಿ, ಆ ಬೂಟು, ಬೆಂಚಿನ ಕೆಳಗೆ ಮಲಗಿದ್ದ ಕಂದು ನಾಯಿ, ಇಷ್ಟೇ ಕಂಡದ್ದು.

“ಕೆಂಪು ಬೂಟು ಚೆನ್ನಾಗಿದೆ,” ಎಂದರು ಕತ್ತರಿ. ಅವರ ಬಾಯಲ್ಲಿ ‘ಚೆನ್ನಾಗಿದೆ’ ಬರುವುದೆಂದರೆ ಕೋಳಿಗೆ ಹಲ್ಲು ಬಂದ ಹಾಗೆ. “ಆಮೇಲೆ? ವಾಪಸ್ ಯಾರು ಬಂದ್ರು?”

“ಅದು ನೆನಪಿಲ್ಲ ಮೇಡಂ.”

“ನಾಯಿ ಬಣ್ಣ ನೆನಪಿದೆ, ಅದು ನೆನಪಿಲ್ವಾ?”

ನಾನು ಕೂತುಬಿಟ್ಟೆ. ಅಷ್ಟರಲ್ಲಿ ಅಕ್ಕನ ಸರದಿ ಬಂತು. ಅವಳು ತನ್ನ ಹಾಳೆ ನೋಡಿದಳು, ನನ್ನ ಮುಖ ನೋಡಿದಳು, ಹಾಳೆ ಮಡಚಿದಳು. “ನಾನೇನೂ ಬರ್ದಿಲ್ಲ ಮೇಡಂ.”

ಅವಳ ಪಕ್ಕದಲ್ಲಿ ಕೂತಿದ್ದವರು ನಿವೃತ್ತ ಅಂಚೆಯಣ್ಣ. ಊರಿನವರ ಕಾರ್ಡುಗಳನ್ನೆಲ್ಲ ಓದಿದ ಕಣ್ಣು ಸುಮ್ಮನಿರುತ್ತದೆಯೇ? “ಪುಟ ತುಂಬಾ ಬರ್ದಿದಾರೆ ಮೇಡಂ! ಇವರದ್ದೂ ಚಪ್ಪಲಿ ಅಂಗಡಿನೇ!”

ಓದದೆ ವಿಧಿಯಿರಲಿಲ್ಲ. ಅದೇ ಅಂಗಡಿ, ಅದೇ ಅತ್ತೆ, ಅದೇ ಡಬ್ಬಗಳು. ಆದರೆ ಬಿಟ್ಟುಬಂದ ಮಗು ಅವಳು! ಅವಳದರಲ್ಲಿ ಬೂಟೂ ಇಲ್ಲ, ನಾಯಿಯೂ ಇಲ್ಲ. ಅಳತೆಗೆಂದು ಬಿಚ್ಚಿದ ಚಪ್ಪಲಿ ಅತ್ತೆಯ ಚೀಲ ಸೇರಿ ಬರಿಗಾಲು, ಒದ್ದೆಯಾದ ಬೆಂಚು, ಬೈಯುತ್ತಾ ಒರೆಸುವ ಅಂಗಡಿಯವನು.

ನಾನು ಎದ್ದು ನಿಂತೆ. “ಕಟ್ಟುಹಲ್ಲು ಕಟ್ಟೋಳಿಗೆ ಕಟ್ಟುಕತೆ ಕಟ್ಟೋದೇನು ಕಷ್ಟ!”

“ಒಂದು ಅಂಗಡಿ, ಒಬ್ಬ ಅತ್ತೆ, ಇಬ್ಬರು ಮಕ್ಕಳು,” ಎಂದರು ಕತ್ತರಿ. “ಮುಂದಿನ ವಾರ ಇತ್ಯರ್ಥ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಇಬ್ಬರದೂ ಪುಸ್ತಕದಲ್ಲಿರಲ್ಲ.”

ಮೆಟ್ಟಿಲು ಇಳಿಯುವಾಗ ಅಕ್ಕ ಮೆಲ್ಲಗೆ ಹೇಳಿದಳು, “ಹೋಗ್ಲಿ ಬಿಡೇ. ನಿಂದೇ ಅಂತ ಇಟ್ಕೋ. ನಾನು ಬೇರೆ ಏನಾದ್ರೂ ಬರೀತೀನಿ.”

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ‘ನಿಂದೇ ಅಂತ ಇಟ್ಕೋ’ ಎಂಬ ಮಾತು ಕೇಳುತ್ತಲೇ ಬೆಳೆದವಳು ನಾನು. ಅವಳಿಗೆ ಗಿಡ್ಡವಾದ ಫ್ರಾಕು, ಅವಳು ಗೀಚಿದ ಪಠ್ಯಪುಸ್ತಕ, ಹಿಡಿ ಕಿತ್ತ ಅವಳ ಶಾಲೆಯ ಚೀಲ, ಕೊನೆಗೆ ಅವಳ ಹಲ್ಲಿನ ಗುರುತಿದ್ದ ಹಾಲಿನ ಲೋಟ. ಎಲ್ಲ ಅವಳು ಬಳಸಿ ಬಿಟ್ಟದ್ದು. ಇಡೀ ಬಾಲ್ಯದಲ್ಲಿ ನನಗೆಂದೇ ನಡೆದದ್ದು, ಹೊಚ್ಚ ಹೊಸದಾಗಿ ಸಿಕ್ಕಿದ್ದು, ಇದೊಂದೇ. ಇದನ್ನೂ ಅವಳು ದಾನ ಮಾಡುವುದೆಂದರೇನು?

ಮನೆಗೆ ಬಂದವಳೇ ಅತ್ತೆಗೆ ಫೋನು ಹಚ್ಚಿದೆ. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು.

“ನೀನಾ? ನೀನೆಲ್ಲಿದ್ದೆ ಅವಾಗ? ತೊಟ್ಟಿಲಲ್ಲಿ ಬೆರಳು ಚೀಪ್ತಾ ಬಿದ್ದಿದ್ದೆ. ಬಿಟ್ಟುಬಂದಿದ್ದು ನಿಮ್ಮಕ್ಕನ್ನ.”

“ಅತ್ತೆ, ಸರಿಯಾಗಿ ನೆನಪು ಮಾಡ್ಕೊಳ್ಳಿ.”

“ಮರೆತು ಬಂದೋಳಿಗೆ ಅದು ಮರೆಯುತ್ತೇನೇ? ಇವತ್ತಿಗೂ ಮನೆ ಬಿಡೋವಾಗ ಬಾಗಿಲಲ್ಲಿ ನಿಂತು ತಲೆ ಎಣಿಸ್ತೀನಿ. ಒಬ್ಬಳೇ ಹೊರಟ್ರೂ ಎಣಿಸ್ತೀನಿ.”

“ಮತ್ತೆ ಕೆಂಪು ಬೂಟು?”

“ಯಾವ ಬೂಟು?”

ಫೋನಿಟ್ಟು ನೇರ ಅಕ್ಕನ ಕೆಲಸದ ಕೋಣೆಗೆ ಹೋದೆ. ಮೇಜಿನ ತುಂಬ ಬಿಳಿ ಅಚ್ಚುಗಳು ಹಲ್ಲು ಕಿರಿದು ಕೂತಿದ್ದವು. ಅಕ್ಕ ಸಣ್ಣ ದೀಪದಲ್ಲಿ ಗುಲಾಬಿ ಮೇಣ ಕಾಯಿಸುತ್ತಿದ್ದಳು.

“ಬೂಟು ಎಲ್ಲಿಂದ ಬಂತು?” ಎಂದೆ.

ಅವಳು ತಲೆಯೆತ್ತಲಿಲ್ಲ. “ನೀನೇ ಕೇಳಿದ್ದು. ಬರಿಗಾಲು ಬೇಡ ಅಂತ ರಂಪ ಮಾಡ್ದೆ. ತೊಡಿಸ್ದೆ.”

“ನಾಯಿ?”

“ಅದನ್ನೂ ನೀನೇ ಕೇಳಿದ್ದು. ದಿನಾ ಮಲಗೋ ಹೊತ್ತಿಗೆ ‘ಎಲ್ಲಾ ನಿಂಗೇ ಆಗಿದೆ, ನಂಗೇನೂ ಆಗೇ ಇಲ್ಲ’ ಅಂತ ಅಳ್ತಿದ್ದೆ. ನಂಗೆ ಆಗಿದ್ರಲ್ಲಿ ದೊಡ್ಡದು ಅಂದ್ರೆ ಅದೊಂದೇ. ‘ನಾನು’ ಅನ್ನೋ ಕಡೆ ‘ನೀನು’ ಅಂತ ಹಾಕಿ ಹೇಳ್ದೆ.” ಮೇಣವನ್ನು ಒಸಡಿನಂತೆ ಒತ್ತಿ ಕೂರಿಸಿದಳು. “ನಿಂಗೆ ಎಲ್ಲಾ ಹಳೇದೇ ಬರ್ತಿತ್ತಲ್ಲ. ಇದನ್ನಾದ್ರೂ ಸ್ವಲ್ಪ ಹೊಸದು ಮಾಡಿ ಕೊಡೋಣ ಅನ್ನಿಸ್ತು. ನೀನು ನಿಜ ಅಂತ ನಂಬಿದ್ದೀಯಾ ಅಂತ ಗೊತ್ತಾಗಿದ್ದೇ ಇವತ್ತು.”

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. “ಕೊಟ್ಟಮೇಲೆ ವಾಪಸ್ ಯಾಕೆ ಬರೀತೀಯಾ!” ಎಂದು ಕೂಗಿದೆ. ಅಕ್ಕ ನಕ್ಕುಬಿಟ್ಟಳು. ಅವಳ ಹಿಂದೆ ಅಷ್ಟೂ ಅಚ್ಚುಗಳು ನಗುತ್ತಿದ್ದವು. ನಾನೂ ನಕ್ಕೆ.

ಮುಂದಿನ ಶನಿವಾರ ನಾನು ಹೊಸ ಹಾಳೆ ಓದಿದೆ. ಅದರಲ್ಲಿ ಅಂಗಡಿ ಇರಲಿಲ್ಲ. ಒಂದು ಮಂಚ, ಒಂದೇ ಹೊದಿಕೆ, ಅದರೊಳಗೆ ಇಬ್ಬರು ಹುಡುಗಿಯರು ಇದ್ದರು. ದೊಡ್ಡವಳು ಕಥೆ ಹೇಳುತ್ತಿದ್ದಳು. ಚಿಕ್ಕವಳು ಬೂಟು ಬೇಕು, ನಾಯಿ ಬೇಕು ಎಂದು ಪೀಡಿಸುತ್ತಿದ್ದಳು. ‘ಇದು ನನಗೇ ನಡೆದದ್ದು’ ಎಂದು ಕೊನೆಗೆ ಬರೆದಿದ್ದೆ.

ಕತ್ತರಿ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಆದರೆ ಹಳೆ ಪ್ರಶ್ನೆ ಬಿಡಲಿಲ್ಲ. “ಎಲ್ಲಾ ಸರಿ. ಆ ಮಗೂನ ಕರ್ಕೊಂಡು ಹೋಗೋಕೆ ಯಾರು ಬಂದ್ರು?”

“ಈಗಲೂ ಗೊತ್ತಿಲ್ಲ ಮೇಡಂ.”

“ಅವಳಿಗೆ ಹೇಗೆ ಗೊತ್ತಿರುತ್ತೆ?” ಎಂದಳು ಹಿಂದಿನ ಬೆಂಚಿನಿಂದ ಅಕ್ಕ. “ನಾಯಿ ಬರೋ ಹೊತ್ತಿಗೆ ನಿದ್ದೆ ಹೋಗ್ತಿದ್ಲು. ಒಂದು ದಿನವೂ ಕೊನೇವರೆಗೆ ಕೇಳಿಲ್ಲ.”

ತರಗತಿಯೆಲ್ಲ ನಕ್ಕಿತು. ಅಂಚೆಯಣ್ಣನಂತೂ ಬೆಂಚು ಬಡಿದರು.

ನಾನು ಬೆಂಚಿನ ಮೇಲೆ ಅಕ್ಕನ ಕಡೆ ತಿರುಗಿ ಕೂತೆ. “ಹಾಗಾದ್ರೆ ಈಗ ಹೇಳು.”

ಅಕ್ಕ ಗಂಟಲು ಸರಿಮಾಡಿಕೊಂಡಳು. ಅತ್ತೆ ಬಂದದ್ದು ಓಡಿಕೊಂಡು, ಓಡಲು ಅಡ್ಡಿಯಾಗುತ್ತದೆಂದು ಚಪ್ಪಲಿ ಕೈಯಲ್ಲಿ ಹಿಡಿದು. ಬೈಯಲಿಲ್ಲ, ಮುದ್ದಿಸಲೂ ಇಲ್ಲ. ನೆಲದ ಮೇಲೆ ಕುಸಿದು ಕೂತು, ಮಗುವಿನ ಬರಿಗಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಎಣಿಸಿದರು. ತಪ್ಪಿತೆಂದು ಮತ್ತೆ ಮೊದಲಿನಿಂದ ಎಣಿಸಿದರು. ಅಂಗಡಿಯವನು ಒರೆಸುವ ಬಟ್ಟೆ ಹಿಡಿದು ಸುಮ್ಮನೆ ನಿಂತಿದ್ದ.

ಈ ಸಲ ನಾನು ಕೊನೆಯವರೆಗೂ ಎಚ್ಚರವಾಗಿದ್ದೆ.