ಅಬ್ಬಾ ಕೇಳಿದ ಹೆಸರು

ಮೇಕೆಚರ್ಮದ ವಾಸನೆ, ಮಠದ ಹಳೇ ಪುಸ್ತಕದ ಹಾಳೆ ಎಂದರೂ ಚರ್ಮವೇ ತಾನೆ, ಹಬ್ಬದ ಮರುದಿನ ಬೇಲಿಯ ಮೇಲೆ ಒಣಗುತ್ತಿದ್ದ ಚರ್ಮದ್ದೇ ವಾಸನೆ, ಅದರ ಮೇಲೆ ಇಷ್ಟೊಂದು ಕೆಂಪು, ಇಷ್ಟೊಂದು ಹಳದಿ, ಇಷ್ಟು ದೊಡ್ಡ ಕಣ್ಣಿನ ಮರ್ಯಮ್ ತಾಯಿ — ವುಬಿತ್, ಮುಂದೆ ನಿಂತಿದ್ದ ದಪ್ಪ ಹೆಂಗಸಿನ ಭುಜದ ಮೇಲಿಂದ ಕತ್ತು ಚಾಚಿದಳು, ಅವಳಿಗೆ ಬೇಕಾಗಿದ್ದದ್ದು ಚಿತ್ರವಲ್ಲ, ಹಾಳೆ ಮಗುಚುವ ಕೈ, ತಮ್ಮ ಬೆಲೆತೆಯ ಕೈ, ಕುಡುಗೋಲು ತಾಗಿದ ಹೆಬ್ಬೆರಳು ಇನ್ನೂ ಸೊಟ್ಟಗೇ ಇದೆ, ಮುಖ ಮಾತ್ರ ಗಡ್ಡದೊಳಗೆ ಎಲ್ಲೋ ಅಡಗಿಹೋಗಿದೆ. ನೋಡಿ, ಪುಣ್ಯವಂತರಿಗೆ ಎರಡು ಕಣ್ಣು, ಪಾಪಿಗಳನ್ನ ಪಕ್ಕದಿಂದ ಬರೀತಾರೆ, ಒಂದೇ ಕಣ್ಣು, ಎನ್ನುತ್ತಿದ್ದಾನೆ, ಹಾಗಾದ್ರೆ ನಮ್ಮನೆಯವ್ರನ್ನ ಪಕ್ಕದಿಂದ್ಲೇ ಬರೀಬೇಕು ಅಬ್ಬಾ, ಎಂದಳು ದಪ್ಪ ಹೆಂಗಸು, ಇಲ್ಲಿ ಸನ್ಯಾಸಿಗಳನ್ನೆಲ್ಲ ಅಬ್ಬಾ ಎಂದೇ ಕರೆಯುವುದು, ದೋಣಿಯಲ್ಲಿ ಜೊತೆಗೆ ಬಂದವರೆಲ್ಲ ನಕ್ಕರು, ಅವನೂ ನಕ್ಕ, ನಗಲು ಬರುತ್ತದೆ ಹಾಗಾದರೆ, ಸತ್ತವನಿಗೆ — ಸತ್ತವನೇ, ಇದೇ ದ್ವೀಪದಲ್ಲಿ ಸನ್ಯಾಸ ಕೊಡುವಾಗ ಅವನನ್ನು ಹೆಣದಂತೆ ಮಲಗಿಸಿ, ಬಟ್ಟೆ ಹೊದಿಸಿ, ಸತ್ತವರಿಗೆ ಓದುವ ಪ್ರಾರ್ಥನೆಯನ್ನೇ ಓದಿದ್ದರು, ಅಮ್ಮ ನಿಜದ ಸಾವಿಗೆ ಅಳುವ ಹಾಗೆ ಎದೆ ಬಡಿದುಕೊಂಡು ಅತ್ತಳು, ತಾನಾ ಸರೋವರ ದಾಟಿ ಮನೆಗೆ ಬಂದವಳು ವರ್ಷಗಟ್ಟಲೆ ಅವನ ಹೆಸರೆತ್ತಲಿಲ್ಲ, ಅವಳನ್ನು ಮಣ್ಣು ಮಾಡಿದ ದಿನ ಹೆಗಲು ಕೊಟ್ಟವರು ಚಿಕ್ಕಪ್ಪನ ಮಕ್ಕಳು, ಮಗ ಎಲ್ಲಿ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು, ಯಾರ ಮೇಲಾದರೂ ಹರಿಹಾಯಬಹುದಿತ್ತು, ಇವತ್ತು ಇವನ ಮೇಲೆ ಹರಿಹಾಯುತ್ತೇನೆ, ದೋಣಿಯ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೇನೆ — ಜನ ಸಾಲಾಗಿ ಅವನ ಕೈಯಲ್ಲಿನ ಮರದ ಶಿಲುಬೆಗೆ ಮುತ್ತಿಡುತ್ತಿದ್ದಾರೆ, ಅವಳ ಸರದಿ, ಹಣೆಗೆ ಮರ ತಣ್ಣಗೆ ತಾಗಿತು, ಬೈಗುಳ ಒಂದೂ ಬರಲಿಲ್ಲ, ಅಮ್ಮ ಹೋದ್ಲು, ಎಂದಳು. ಶಿಲುಬೆ ಅಲುಗಲಿಲ್ಲ. ಅವರ ಜ್ಞಾನಸ್ನಾನದ ಹೆಸರು ಹೇಳಿ ತಾಯಿ, ಪ್ರಾರ್ಥನೇಲಿ ಸೇರಿಸ್ಕೋತೀನಿ, ಎಂದ, ಎಲ್ಲರನ್ನೂ ಕೇಳುವ ಹಾಗೆಯೇ, ತಾಯಿ ಅಂದ, ಅಕ್ಕ ಅನ್ನಲಿಲ್ಲ, ಹೆಸರು ಕೇಳುತ್ತಾನೆ, ಹೆತ್ತವಳ ಹೆಸರು, ಬಾಯಿ ತೆರೆಯುವಷ್ಟರಲ್ಲಿ ಅವನೇ, ಬಹಳ ಮೆಲ್ಲಗೆ, ವಲತ ಮರ್ಯಮ್ — ಎಂದ, ಅಮ್ಮನ ಜ್ಞಾನಸ್ನಾನದ ಹೆಸರು, ಆಮೇಲೆ, ಅಕ್ಕಾ, ನನ್ನ ಕೇಳಿದ್ಲಾ? ಕೇಳಿದ್ಲು, ಕೊನೇ ವಾರ ದಿನಾ ಕೇಳಿದ್ಲು. ಏನಂತ? ಬೆಲೆತೆ ಊಟ ಮಾಡಿದ್ನಾ ಅಂತ. ನೀನೇನಂದೆ? ಮಾಡಿದ, ಮಲಗಿದಾನೆ ಅಂದೆ — ಹಿಂದಿನಿಂದ ಯಾರೋ, ಅಬ್ಬಾ, ದೋಣಿ ಹೊರಡತ್ತೆ, ಮುಂದಿನ ಚಿತ್ರ ತೋರ್ಸಿ, ಅವನು ಪುಸ್ತಕದ ಕಡೆ ತಿರುಗಿದ, ಸೊಟ್ಟ ಹೆಬ್ಬೆರಳು ಹಾಳೆಯ ಅಂಚು ಎತ್ತಿತು, ದಪ್ಪ ಹಳದಿ ಹಾಳೆ ಎದ್ದು ನಿಂತಿತು, ಈ ಬದಿಗೂ ಬೀಳದೆ, ಆ ಬದಿಗೂ ಬೀಳದೆ, ಎಲ್ಲರೂ ಕಾಯುತ್ತಿದ್ದಾರೆ, ಹಾಳೆ ನಿಂತೇ ಇದೆ, ಬೆರಳು ಬಿಡುತ್ತಿಲ್ಲ, ಹಾಳೆ ನಿಂತೇ ಇದೆ