ಮೀಸೆ ನವಣೆಯ ಬುರುಡೆ

ನಾನು ಒಂದು ಸೋರೆ ಬುರುಡೆ. ಕಹಿ ಸೋರೆ. ಸಿಹಿಯಾಗಿದ್ದರೆ ಎಳೆಗಾಯಿಯಾಗಿದ್ದಾಗಲೇ ಪಲ್ಯವಾಗಿ ಮುಗಿದುಹೋಗುತ್ತಿದ್ದೆ. ಯಾರ ನಾಲಿಗೆಗೂ ಬೇಡವಾದದ್ದರಿಂದಲೇ ಇಷ್ಟು ವರ್ಷ ಬಾಳಿದ್ದೇನೆ.

ಹುಟ್ಟಿದ್ದು ಹಾವೇರಿ ಸೀಮೆಯ ಒಂದು ಗುಡ್ಡದಡಿಯ ಊರಿನಲ್ಲಿ, ಬಾಳವ್ವನ ಹಿತ್ತಲ ಬೇಲಿಯ ಮೇಲೆ. ಬಳ್ಳಿ ಒಣಗುವ ತನಕ ಬಾಳವ್ವ ನನ್ನನ್ನು ಮುಟ್ಟಲಿಲ್ಲ. ಆಮೇಲೆ ಬಿಸಿಲಿಗೆ ತಿರುವಿ ತಿರುವಿ ಒಣಗಿಸಿದಳು, ಕುತ್ತಿಗೆ ಕೊಯ್ದು ಬಾಯಿ ಮಾಡಿದಳು, ನೀರು ತುಂಬಿಸಿಟ್ಟು ಒಳಗಿನ ತಿರುಳನ್ನು ಕೊಳೆಸಿ ತೆಗೆದಳು. ಆ ವಾಸನೆಯ ವಿಷಯ ಬೇಡ. ಕೊನೆಗೆ ಒಳಗೆಲ್ಲ ಬೂದಿ ಸವರಿ, ಮೀಸೆ ನವಣೆಯ ಬೀಜ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಒಲೆಯ ಮೇಲಿನ ತೊಲೆಗೆ ನೇತುಹಾಕಿದಳು. ಹೊಗೆ ಕುಡಿದು ಕುಡಿದು ನನ್ನ ಮೈ ಬೆಲ್ಲದ ಬಣ್ಣಕ್ಕೆ ತಿರುಗಿತು. ಬಾಯಿ ಮುಚ್ಚಿಕೊಂಡು, ಹೊಟ್ಟೆ ತುಂಬಿಕೊಂಡು, ಎಲ್ಲವನ್ನೂ ಮೇಲಿನಿಂದ ನೋಡುತ್ತ ಇರುವುದು. ನನಗೆ ಹೇಳಿ ಮಾಡಿಸಿದಂಥ ಬದುಕು.

ಮೀಸೆ ನವಣೆ ಎಂದರೆ ತೆನೆಯ ತುಂಬ ಒರಟು ಮುಳ್ಳುಕೂದಲಿರುವ ನವಣೆ. ಹಕ್ಕಿಗಳು ಅದರ ಹತ್ತಿರ ಸುಳಿಯುವುದಿಲ್ಲ. ಬಾಳವ್ವನ ಗುಡ್ಡದ ಕಲ್ಲುನೆಲದಲ್ಲಿ ಅದೊಂದೇ ಕೈಹಿಡಿಯುತ್ತಿದ್ದದ್ದು. ಮದುವೆಯ ದಿನ ತೌರಿನಲ್ಲಿ ಉಡಿ ತುಂಬುವಾಗ ಅವಳ ತಾಯಿ ಅಕ್ಕಿಯ ಜೊತೆಗೆ ಈ ಬೀಜವನ್ನೂ ಹಾಕಿದ್ದಳಂತೆ. ಅತ್ತೆಮನೆಯವರು ನಕ್ಕರಂತೆ. ಎರಡು ವರ್ಷದಲ್ಲಿ ನಕ್ಕವರೇ ಬೀಜ ಕೇಳಿಕೊಂಡು ಬಂದರಂತೆ. ಇದನ್ನು ಬಾಳವ್ವ ರೊಟ್ಟಿ ಬಡಿಯುತ್ತ ಎಷ್ಟು ಸಲ ಹೇಳಿದ್ದಾಳೋ, ನನಗೆ ಬಾಯಿಪಾಠ.

ಊರವರು ಒಬ್ಬೊಬ್ಬರಾಗಿ ಗೋವಿನಜೋಳಕ್ಕೆ ತಿರುಗಿದರು. ಗುಡ್ಡದಂಚಿನ ಮೂರು ಮನೆಯವರು ಮಾತ್ರ ಹಬ್ಬದ ಹುಗ್ಗಿಗೆಂದು ಒಂದಿಷ್ಟು ನವಣೆ ಬಿತ್ತುತ್ತಿದ್ದರು. ಆದರೆ ಬೀಜ ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ. ಬೆಳೆದದ್ದನ್ನು ಪೂರ್ತಿ ಉಂಡುಬಿಡುತ್ತಿದ್ದರು. ಬಾಳವ್ವನ ಬುರುಡೆ ಇದೆಯಲ್ಲ ಎಂಬ ಧೈರ್ಯ. ಮುಂಗಾರಿಗೆ ಬಂದು ಒಯ್ಯುವರು, ಸುಗ್ಗಿಗೆ ಒಂದಕ್ಕೆ ಒಂದೂವರೆ ತಂದು ಸುರಿಯುವರು. ಯಾರು ಕೇಳಿದರೂ ಬಾಳವ್ವ ಇಲ್ಲ ಎನ್ನಲಿಲ್ಲ. ಆದರೆ ತಳದ ಒಂದು ಹಿಡಿಯನ್ನು ಮುಟ್ಟಗೊಡುತ್ತಿರಲಿಲ್ಲ. ಬೀಜದ ಬುರುಡೆ ಬರಿದಾಗಬಾರದು; ಬರಿದಾದ ಬುರುಡೆ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು. ಅದು ಆ ಊರಿನ ಹೆಂಗಸರ ಕಟ್ಟಳೆ.

ಒಂದು ಚೈತ್ರದಲ್ಲಿ ಊರಿಗೆ ದೊಡ್ಡ ಯೋಜನೆ ಬಂತು. ಏಳೆಂಟು ದೇಶಗಳು ಸೇರಿ ನಡೆಸುವಂಥದ್ದು. ಲೋಕದಲ್ಲಿ ಯಾರೂ ಹಸಿದು ಮಲಗಬಾರದು, ಮಣ್ಣು ಕೆಡದಂತೆ ಬೆಳೆಯಬೇಕು, ಹಳೆಯ ತಳಿಗಳು ಅಳಿಯಬಾರದು ಎಂಬುದು ಅದರ ಮಾತು. ಒಳ್ಳೆಯ ಮಾತೇ. ಅದನ್ನು ಮನೆಮನೆಗೆ ತಂದು ಹೇಳಿದವಳು ರತ್ನಮಾಲಾ. ಅದೇ ಓಣಿಯ ಹುಡುಗಿ. ತಾಯಿ ಹೊಲಕ್ಕೆ ಹೋದಾಗ ಬಾಳವ್ವನ ಒಲೆಯ ಮುಂದೆ ಕುಳಿತು ನವಣೆ ಅನ್ನ, ಮಜ್ಜಿಗೆ ಉಂಡು ಬೆಳೆದವಳು. ಕೃಷಿ ಓದಿ ಈಗ ಯೋಜನೆಯ ಕೆಲಸಕ್ಕೆ ಸೇರಿದ್ದಳು. ಚಿಕ್ಕವಳಿದ್ದಾಗ ನನ್ನನ್ನು ಕಿವಿಯ ಬಳಿ ಅಲುಗಾಡಿಸಿ, "ಆಯಿ, ಇದರಾಗ ಮಳಿ ಬರಾಕತ್ತೈತಿ," ಎನ್ನುತ್ತಿದ್ದಳು. ಅವಳನ್ನು ನಂಬಲು ನನಗೆ ಬೇರೆ ಕಾರಣ ಬೇಕಿರಲಿಲ್ಲ.

ಅತಿಥಿಗಳು ಎರಡು ಗಾಡಿ ತುಂಬ ಬಂದರು. ಟೋಪಿ ಹಾಕಿದ ಒಬ್ಬ ಎತ್ತರದ ಹೆಂಗಸು ಅವರ ಹಿರಿಯಳು. ಬಾಳವ್ವ ಮನೆಯಲ್ಲಿದ್ದ ಉಣ್ಣುವ ನವಣೆಯನ್ನೆಲ್ಲ ಹುಗ್ಗಿ ಮಾಡಿ ಬಡಿಸಿಬಿಟ್ಟಳು. ಆ ಹೆಂಗಸು ಬೆರಳು ಚೀಪಿ ಉಂಡಳು, ಬಾಳವ್ವನ ಕೈಯನ್ನು ತನ್ನ ಕಣ್ಣಿಗೊತ್ತಿಕೊಂಡಳು. ಅದು ನಾಟಕವಲ್ಲ. ನಾನು ನೋಡಿದ್ದೇನೆ.

ಆಮೇಲೆ ನನ್ನನ್ನು ಕೆಳಗಿಳಿಸಿದರು. ಬಾಯಿಯ ಸಗಣಿ ಒಡೆದರು. ತಕ್ಕಡಿ ಬಂತು. ಇಂತಿಷ್ಟು ತೂಕ ಇದ್ದರೆ ಮಾತ್ರ ತಳಿಯೆಂದು ದಾಖಲಾಗುತ್ತದೆ ಎಂದು ಒಬ್ಬ ಹೇಳಿದ. ಬಾಳವ್ವ ಸುರಿದಳು, ಸುರಿದಳು. ಮುಳ್ಳು ಅಲ್ಲಿಗೇ ನಿಂತಿತು. ಒಂದು ಹಿಡಿ ಕಡಿಮೆ.

ಬಾಳವ್ವನ ಕೈ ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯಿತು.

"ರತ್ನಾ, ಇದು ತಳದ ಬೀಜ. ತಿರುಗಿ ಯಾವಾಗ ಬರತೈತಿ, ಕೇಳವಾ ಅವರನ್ನ," ಎಂದಳು.

ರತ್ನಮಾಲಾ ಆ ಹೆಂಗಸಿನ ಕಡೆ ನೋಡಿದಳು. ಆ ಹೆಂಗಸು ನಗುತ್ತಿದ್ದಳು. ಎಲ್ಲರ ಫೋಟೋ ಯಂತ್ರಗಳೂ ತಕ್ಕಡಿಯ ಕಡೆ ತಿರುಗಿದ್ದವು. ಪ್ರಶ್ನೆ ಇಂಗ್ಲಿಷಿಗೆ ಹೋಗಲೇ ಇಲ್ಲ. ರತ್ನಮಾಲಾ ತಾನೇ ಹೇಳಿದಳು, "ಮುಂಗಾರಿಗಿಂತ ಮೊದಲ ಒಂದಕ್ಕ ಎರಡು ತಂದು ನಾನಽ ಸುರೀತೀನಿ ಆಯಿ. ನಾ ಬ್ಯಾರೇದಾಕಿ ಏನು?"

ಉಂಡ ಅತಿಥಿಗೆ ಕಡಿಮೆ ತೂಗಬಾರದು ಎಂಬುದೂ ಆ ಊರಿನ ಕಟ್ಟಳೆಯೇ. ಎರಡು ಕಟ್ಟಳೆಗಳ ನಡುವೆ ಬಾಳವ್ವ ಒಂದು ಉಸಿರು ನಿಂತಳು. ಆಮೇಲೆ ನನ್ನನ್ನು ತಲೆಕೆಳಗು ಮಾಡಿ, ಬೆನ್ನಿಗೆ ಎರಡು ಬಡಿದಳು. ಜನ ಚಪ್ಪಾಳೆ ತಟ್ಟಿದರು. ಒಂದು ಕಾಗದಕ್ಕೆ ಬಾಳವ್ವನ ಸಹಿ ತೆಗೆದುಕೊಂಡರು. ಬುರುಡೆಯನ್ನೂ ಯೋಜನೆಯ ಸಮ್ಮೇಳನಕ್ಕೆ ಒಯ್ದು, ಬೀಜದ ಜೊತೆ ತರುತ್ತೇವೆ ಎಂದರು. ತುಂಬಿಕೊಂಡೇ ಬರುತ್ತದಲ್ಲ ಎಂದು ಬಾಳವ್ವ ಒಪ್ಪಿದಳು. ಹುಟ್ಟಿದ ಮೇಲೆ ಮೊದಲ ಸಲ ನಾನು ಹಗುರವಾಗಿ ಮನೆ ಬಿಟ್ಟೆ.

ಸಮ್ಮೇಳನದಲ್ಲಿ ಬಣ್ಣಬಣ್ಣದ ಬಾವುಟಗಳಿದ್ದವು. ನನ್ನನ್ನು ಬಿಳಿ ಬಟ್ಟೆಯ ಮೇಲೆ ಕೂರಿಸಿದ್ದರು. ಬಾಳವ್ವನ ಚಿತ್ರ ಗೋಡೆಯ ತುಂಬ ಇತ್ತು, ಬಾಳವ್ವ ಇರಲಿಲ್ಲ. ಭಾಷಣಗಳಿಂದ ನನಗೆ ತಿಳಿದದ್ದಿಷ್ಟು: ಬೀಜ ಕಡಲಾಚೆಯ ಒಂದು ಶೀತಗೃಹಕ್ಕೆ ಹೋಗಿದೆ, ಅಲ್ಲಿ ನೂರು ವರ್ಷ ಕೆಡದೆ ಮಲಗಿರುತ್ತದೆ. ಎಲ್ಲರಿಗೂ ಸಮಾಧಾನವಾಯಿತು. ನನಗಾಗಲಿಲ್ಲ. ಬಾಳವ್ವನ ಪ್ರಕಾರ ಬೀಜಕ್ಕೆ ವಿಶ್ರಾಂತಿ ಒಂದು ಬೇಸಿಗೆ ಮಾತ್ರ. ಮಳೆ ಬಿದ್ದ ಮೇಲೂ ಮಲಗಿದ್ದರೆ ಅವಳು ಯಾರನ್ನೂ ಬೈಯದೆ ಬಿಟ್ಟವಳಲ್ಲ.

ಅಲ್ಲಿಂದ ನನ್ನನ್ನು ಜಿಲ್ಲೆಯ ಊರಿನಲ್ಲಿದ್ದ ಯೋಜನೆಯ ಕಚೇರಿಗೆ ತಂದು ಗಾಜಿನ ಕಪಾಟಿನಲ್ಲಿಟ್ಟರು. ಕೊರಳಿಗೆ ಒಂದು ಚೀಟಿ ಕಟ್ಟಿದರು. ಎದುರಿನ ಮೇಜು ರತ್ನಮಾಲಾಳದು. ಮುಂಗಾರು ಬಂತು, ಹೋಯಿತು. ಮತ್ತೊಂದು ಬಂತು. ಮೊದಮೊದಲು ಅವಳು ನನ್ನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಆಮೇಲೆ ಕುರ್ಚಿ ತಿರುಗಿಸಿ ಹಾಕಿಕೊಂಡಳು.

ಮೂರನೆಯ ಮುಂಗಾರಿನ ಹೊತ್ತಿಗೆ ಬಾಳವ್ವ ಬಂದಳು. ಬಸ್ಸಿಳಿದು ನಡೆದು ಬಂದಿದ್ದಳು, ಸೆರಗಿನಲ್ಲಿ ಒಂದು ಖಾಲಿ ಚೀಲ. ಕುಳಿತು ನೀರು ಕುಡಿದು, ಮೆಲ್ಲಗೆ ಎಲ್ಲ ಹೇಳಿದಳು. ಮೊದಲ ವರ್ಷ ಯೋಜನೆಯವರು ಹಸಿರು ಪೊಟ್ಟಣದಲ್ಲಿ ಸುಧಾರಿತ ನವಣೆ ಕಳಿಸಿದ್ದರಂತೆ. ತೆನೆ ದಪ್ಪ, ಆದರೆ ಮೀಸೆ ಇಲ್ಲ. ಗುಬ್ಬಿಗಳಿಗೆ ಯಾರು ಸುದ್ದಿ ಮುಟ್ಟಿಸಿದರೋ, ನಾಲ್ಕು ದಿನದಲ್ಲಿ ಹೊಲ ಬೋಳಾಯಿತಂತೆ. ಮರುವರ್ಷ ನೆಲ ಹಾಗೇ ಬಿದ್ದಿತ್ತಂತೆ. ಮೂರು ಮನೆಯವರು ಬಂದು ಕೇಳಿದರೆ ಕೊಡಲು ಏನೂ ಇಲ್ಲವಂತೆ. "ನಿನ್ನ ಬುರುಡಿ ಫಾರಿನ್ನಿಗೆ ಹೋಗೇತೇನು ಬಾಳವ್ವಾ, ಮದ್ವಿ ಮಾಡಿಕೊಟ್ಟಿಯೇನು," ಎಂದು ನಗುತ್ತಾರಂತೆ. ಅದನ್ನು ಹೇಳುವಾಗ ಅವಳೂ ಸ್ವಲ್ಪ ನಕ್ಕಳು.

ರತ್ನಮಾಲಾ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಲೇ ಇದ್ದಳು. ಯೋಜನೆಯ ಮೊದಲ ಹಂತ ಮುಗಿದಿದೆ ಎಂದಳು. ಬೀಜ ಬೇಕೆಂದರೆ ಒಂದು ಸಂಸ್ಥೆಯ ಮೂಲಕ ಅರ್ಜಿ ಹೋಗಬೇಕು, ಬಿಡಿ ರೈತರ ಹೆಸರಿಗೆ ಕೊಡುವುದಿಲ್ಲ, ಸಹಿ ಮಾಡಿದ ಕಾಗದದಲ್ಲಿ ಹಾಗೇ ಇದೆ ಎಂದಳು. ತಾನು ಎರಡು ಸಲ ಬರೆದಿದ್ದೇನೆ ಎಂದಳು. ಅದು ಸುಳ್ಳು. ಒಂದು ಸಲ ಬರೆಯಲು ಕುಳಿತು, ಅರ್ಧಕ್ಕೆ ಎದ್ದು ಹೋಗಿದ್ದಳು. ಎದುರಿಗೇ ಇದ್ದ ನನಗೆ ಗೊತ್ತಿಲ್ಲವೇ?

"ಅವತ್ತು ಅವರನ್ನ ಕೇಳಿದ್ದಿಲ್ಲೇನವಾ ನೀನು?"

ರತ್ನಮಾಲಾ ಎದ್ದು ಬಂದು ಕಪಾಟಿನ ಬೀಗ ತೆಗೆದಳು, ನನ್ನ ಕೊರಳಿನ ಚೀಟಿ ಹರಿದಳು, ನನ್ನನ್ನು ಎರಡೂ ಕೈಯಲ್ಲಿ ಬಾಳವ್ವನ ಮುಂದೆ ಹಿಡಿದಳು. ಇದನ್ನಾದರೂ ಒಯ್ಯಿ ಆಯಿ, ಯಾರು ಕೇಳಿದರೂ ನಾನು ಹೇಳಿಕೊಳ್ಳುತ್ತೇನೆ ಎಂದಳು.

ಬಾಳವ್ವ ನನ್ನನ್ನು ತೆಗೆದುಕೊಂಡಳು. ಮೈಯ ಧೂಳನ್ನು ಸೆರಗಿನಿಂದ ಒರೆಸಿದಳು. ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಾಡಿಸಿದಳು. ಅಲ್ಲಿ ಮಳೆ ಇರಲಿಲ್ಲ. ಒಂದು ಕಾಳಾದರೂ ಎಲ್ಲಾದರೂ ಅಂಟಿಕೊಂಡಿದ್ದರೆ ಉದುರಿಸಿಬಿಡೋಣವೆಂದು ನಾನು ಒಳಗೆಲ್ಲ ತಡಕಿದೆ. ಬೂದಿಯೂ ಉಳಿದಿರಲಿಲ್ಲ, ಸಮ್ಮೇಳನಕ್ಕೆ ಮೊದಲು ಚೆನ್ನಾಗಿ ತೊಳೆದಿದ್ದರು.

ಅವಳು ನನ್ನನ್ನು ಮತ್ತೆ ಮೇಜಿನ ಮೇಲಿಟ್ಟಳು.

"ತುಂಬಿಕೊಡು. ಒಯ್ತೀನಿ."

ಅಷ್ಟೇ ಹೇಳಿ, ಖಾಲಿ ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಬಹುಶಃ ಕಟ್ಟಳೆ ಮುರಿದು ಒಯ್ಯುತ್ತಿದ್ದಳು. ಹಾಗೆಂದು ನಾನು ಅಂದುಕೊಂಡಿದ್ದೇನೆ.

ಆಮೇಲೆ ರತ್ನಮಾಲಾ ಬೇರೆ ಜಿಲ್ಲೆಗೆ ಹೋದಳು. ಕಪಾಟಿನಲ್ಲಿ ಬಹುಮಾನದ ಫಲಕಗಳು ಬಂದವು. ನಾನು ಈಗ ಕಿಟಕಿಯ ಕೆಳಗೆ, ಹಳೆಯ ಕಡತಗಳ ಮೇಲೆ ಒರಗಿಕೊಂಡಿದ್ದೇನೆ. ಬದಿಯಲ್ಲಿ ಒಂದು ಬಿರುಕು ಬಿಟ್ಟಿದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಬಹಳ ಯೋಚಿಸಿದ್ದೇನೆ. ಲೋಕದ ಹಸಿವಿನ ಬಗ್ಗೆ ಮಾತಾಡಿದವರು ಕೆಟ್ಟವರಲ್ಲ. ಬೀಜವೂ ಸತ್ತಿಲ್ಲ, ಎಲ್ಲೋ ಚಳಿಯಲ್ಲಿ ಮಲಗಿದೆ. ಆದರೂ ಗುಡ್ಡದ ಆ ಹೊಲಕ್ಕೆ ಅದು ಇಲ್ಲವಾಯಿತು. ಅದಕ್ಕೆ ನಾನೂ ಹೊರತಲ್ಲ. ಬಾಯಿ ಮುಚ್ಚಿಕೊಂಡಿರುವುದೊಂದೇ ನನಗೆ ಕೊಟ್ಟ ಕೆಲಸವಾಗಿತ್ತು. ಅವತ್ತು ಬೆನ್ನಿಗೆ ಎರಡು ಬಡಿದ ಕೂಡಲೇ ತಳದ ಹಿಡಿಯನ್ನೂ ಬಿಟ್ಟುಕೊಟ್ಟವನು ನಾನೇ.

ಹೊರಗೆ ಮಳೆ ಬಂದಾಗ ಕಿಟಕಿಯ ಸಂದಿಯಿಂದ ಒಂದೆರಡು ಹನಿ ನನ್ನ ಬಾಯೊಳಗೆ ಬೀಳುತ್ತವೆ. ಆ ಸದ್ದು ಮಾತ್ರ ಕಾಳಿನ ಸದ್ದಿನಂತಿಲ್ಲ.