ಪಲ್ಪರ್ ಸ್ಟ್ಯಾಂಡಿನ ಮೇಲೆ ಶನಿ

ಟೆಲಿಸ್ಕೋಪ್ ಕೊಳ್ಳುವಾಗ ಕೃತಿಕಾ ನೋಡಿದ್ದು ಕೊಳವೆಯನ್ನು ಮಾತ್ರ, ಕಾಲುಗಳನ್ನಲ್ಲ. ಆ ಕಡ್ಡಿಕಾಲಿನ ಸ್ಟ್ಯಾಂಡಿಗೆ ಬೆರಳು ತಾಗಿದರೆ ಸಾಕು, ಶನಿಗ್ರಹ ಜಿಗಿದು ಮಾಯವಾಗುತ್ತಿತ್ತು.

"ಶನಿ ಸಹವಾಸ ಬೇಡ ಮಾರಾಯ್ತಿ, ಅವನ ದೃಷ್ಟಿ ಬಿದ್ರೆ ಮುಗೀತು ಕಥೆ!" ಎಂದ ಅತ್ತೆ ಸಿದ್ದಗಂಗಮ್ಮ ಹೊರಗೇ ಬರಲಿಲ್ಲ.

ಕೃತಿಕಾಳಿಗೆ ರೇಗಿತು. ಮಲ್ಲಂದೂರಿನ ತಮ್ಮ ತೋಟದಲ್ಲಿ ತುಕ್ಕು ಹಿಡಿಯುತ್ತಿದ್ದ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರನ್ನು ಬಿಚ್ಚಿಸಿ, ಅದರ ಬೀಡುಕಬ್ಬಿಣದ ಸ್ಟ್ಯಾಂಡನ್ನು ಬರಿದಾಗಿದ್ದ ಕಾಫಿ ಕಣಕ್ಕೆ ಎಳೆಸಿದಳು. ಅದಕ್ಕೊಂದು ತಿರುಗುವ ಹಲಗೆ ಕೂರಿಸಿ, ಮೇಲೆ ಟೆಲಿಸ್ಕೋಪ್ ಬಿಗಿದಳು. ಮುಸ್ಸಂಜೆ ಶನಿ ಕಂಡೊಡನೆ ಬೇಕೆಂದೇ ಸ್ಟ್ಯಾಂಡಿಗೆ ಒಂದು ಗುದ್ದು ಕೊಟ್ಟಳು. ಬಳೆ ತೊಟ್ಟ ಶನಿ ಅಲ್ಲಾಡಲಿಲ್ಲ.

"ಅತ್ತೇ, ಸಿಕ್ಕಿಬಿದ್ದ!"

ಸಿದ್ದಗಂಗಮ್ಮ ಅಳುಕುತ್ತಲೇ ಬಂದು ಕಣ್ಣಿಟ್ಟರು; ಬಹಳ ಹೊತ್ತು ತೆಗೆಯಲಿಲ್ಲ.

"ಏಳೂವರೆ ವರ್ಷ ಇವನು ನನ್ನನ್ನೇ ನೋಡ್ತಾ ಕೂತಿದ್ದ," ಎಂದರು. "ಈಗ ನನ್ನ ಸರದಿ."